ವಾಲೆಟ್, ಯುಪಿಐ, ಫಾಸ್ಟ್ಯಾಗ್ ಎಲ್ಲ ಒಂದೇ ಫೋನಿನಲ್ಲಿ: ದುಡ್ಡನ್ನು ಹೇಗೆ ವಿಂಗಡಿಸಿಡಬೇಕು?

ಡೊಂಬಿವಲಿ_ಪೂರ್ವ ಕೇಳಿದ್ದು:

ದಿನಾ ಡೊಂಬಿವಲಿ–ದಾದರ್ ಲೋಕಲ್, ಆಗೀಗ ಕಾರಿನಲ್ಲಿ ಪುಣೆ. ಈಗಿನ ವ್ಯವಸ್ಥೆ ಹೀಗಿದೆ: ಸಂಬಳ ಬರುವ ಒಂದೇ ಉಳಿತಾಯ ಖಾತೆ, ಅದಕ್ಕೆ ಆಟೊ ಸ್ವೀಪ್ ಎಫ್‌ಡಿ (ಹೆಚ್ಚುವರಿ ದುಡ್ಡು ತಾನಾಗಿ ಠೇವಣಿಗೆ ಹೋಗುವ ಏರ್ಪಾಟು). ಅದೇ ಖಾತೆಗೆ ಎರಡು ಯುಪಿಐ ಆ್ಯಪ್. ಬ್ಯಾಂಕಿನದಲ್ಲದ ಒಂದು ವಾಲೆಟ್, ಕನಿಷ್ಠ ಕೆವೈಸಿಯದ್ದು (ಗುರುತಿನ ಪೂರ್ತಿ ಪರಿಶೀಲನೆ ಆಗದ್ದು). ಫಾಸ್ಟ್ಯಾಗ್‌ಗೂ ಇದೇ ಖಾತೆಯಿಂದ ಆಟೊ ಟಾಪ್‌ಅಪ್. ಪುಣೆ ಮೆಟ್ರೊಗೆ ಒಂದು ಎನ್‌ಸಿಎಂಸಿ ಕಾರ್ಡ್ (ಮೊದಲೇ ದುಡ್ಡು ತುಂಬಿಡುವ ಸಾರಿಗೆ ಕಾರ್ಡ್). ಎಲ್ಲದಕ್ಕೂ ಒಂದೇ ಮೊಬೈಲ್ ನಂಬರ್, ಒಂದೇ ಆಂಡ್ರಾಯ್ಡ್ ಫೋನ್. ಡೆಬಿಟ್ ಕಾರ್ಡ್ ಫೋನ್ ಕವರ್‌ನ ಹಿಂದಿನ ಜೇಬಿನಲ್ಲಿ.

ತಿಳಿಯಬೇಕಾದದ್ದು: ವಾಲೆಟ್‌ನಲ್ಲಿರುವ ದುಡ್ಡಿಗೆ ಬ್ಯಾಂಕ್ ಖಾತೆಯಷ್ಟೇ ರಕ್ಷಣೆ ಇದೆಯಾ? ಫುಲ್ ಕೆವೈಸಿ ಮಾಡಿಸಿ ಅಂತ ಆ್ಯಪ್ ಬಿಡದೆ ಕೇಳುತ್ತಿದೆ, ಮಾಡಿಸಬೇಕಾ? ಫೋನ್ ಕಳುವಾದರೆ ಯಾವುದನ್ನು ಮೊದಲು ಬಂದ್ ಮಾಡಬೇಕು, ಯಾವುದು ಆಮೇಲೆ? ದುಡ್ಡು ಹೋದರೆ ಎಷ್ಟು ದಿನದೊಳಗೆ ಎಲ್ಲಿ ದೂರು ಕೊಟ್ಟರೆ ವಾಪಸ್ ಸಿಗುವ ಹಕ್ಕು ಇರುತ್ತದೆ?

"ಒಟಿಪಿ ಯಾರಿಗೂ ಹೇಳಬೇಡಿ" ಎಂಬ ಉತ್ತರ ಬೇಡ, ಅದು ಬ್ಯಾಂಕಿನ ಪ್ರತಿ ಮೆಸೇಜಿನಲ್ಲೂ ಇದೆ.

ಮಾಟುಂಗಾ_ಲೆಕ್ಕ ಉತ್ತರ:

ನಿಮ್ಮ ಮೊದಲ ಪ್ಯಾರಾದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಡೆಬಿಟ್ ಕಾರ್ಡನ್ನು ಫೋನ್ ಕವರ್‌ನಿಂದ ಇವತ್ತೇ ತೆಗೆಯಿರಿ. ಯುಪಿಐ ಪಿನ್ ಹೊಸದಾಗಿ ಇಡಲು ಬೇಕಾಗುವುದು ಕಾರ್ಡಿನ ಕೊನೆಯ 6 ಅಂಕಿ, ಅದರ ಅವಧಿ ಮುಗಿಯುವ ತಿಂಗಳು–ವರ್ಷ, ಆಮೇಲೆ ಆ ನಂಬರಿಗೆ ಬರುವ ಒಟಿಪಿ. ಕವರ್ ಸಮೇತ ಫೋನ್ ಹೋದರೆ ಮೂರೂ ಒಟ್ಟಿಗೆ ಕೈಬದಲಾಗುತ್ತವೆ. ನಿಮ್ಮ ಹಳೆಯ ಪಿನ್ ಕಳ್ಳನಿಗೆ ಗೊತ್ತಿರಬೇಕೆಂದೇ ಇಲ್ಲ.

ಈಗ ವಿಂಗಡಣೆ. ಯುಪಿಐ ಅಂದರೆ ಖಾತೆಗೆ ಇರುವ ಬಾಗಿಲು ಅಷ್ಟೇ, ದುಡ್ಡು ಖಾತೆಯಲ್ಲೇ ಇರುತ್ತದೆ. ವಾಲೆಟ್‌ನಲ್ಲಿ ದುಡ್ಡು ನಿಮ್ಮ ಖಾತೆ ಬಿಟ್ಟು ಆಗಲೇ ಹೊರಗೆ ಬಂದಿರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಆ್ಯಪ್ ಸುರಕ್ಷಿತ ಎಂಬುದಲ್ಲ. ಈ ಫೋನಿನಿಂದ ಹೆಚ್ಚೆಂದರೆ ಎಷ್ಟು ದುಡ್ಡು ಮುಟ್ಟಬಹುದು ಎಂಬುದು. ನಿಮ್ಮ ವಿಷಯದಲ್ಲಿ ಉತ್ತರ: ಸಂಬಳ, ಜೊತೆಗೆ ಎಫ್‌ಡಿ. ಆಟೊ ಸ್ವೀಪ್ ಇರುವ ಖಾತೆಯಲ್ಲಿ ಬ್ಯಾಲೆನ್ಸ್ ಸಾಲದಿದ್ದರೆ ಬ್ಯಾಂಕಿನ ಸಿಸ್ಟಮ್ ಎಫ್‌ಡಿಯನ್ನು ತಾನೇ ಮುರಿದು ಕೊಡುತ್ತದೆ. ನಿಮ್ಮ ಅನುಕೂಲಕ್ಕೆ ಮಾಡಿದ ಏರ್ಪಾಟು ಅದು, ಕಳ್ಳನಿಗೂ ಅಷ್ಟೇ ಅನುಕೂಲ.

ಬೇರೊಂದು ಬ್ಯಾಂಕಿನಲ್ಲಿ ಎರಡನೇ ಖಾತೆ ತೆರೆಯಿರಿ, ಸ್ವೀಪ್ ಬೇಡ, ಓವರ್‌ಡ್ರಾಫ್ಟ್ ಬೇಡ. ವಾರದ ಖರ್ಚಿಗೆ ಬೇಕಾದಷ್ಟು, 8–10 ಸಾವಿರ, ಅಲ್ಲಿಗೆ ಹಾಕುತ್ತಾ ಹೋಗಿ. ಯುಪಿಐ, ವಾಲೆಟ್, ಫಾಸ್ಟ್ಯಾಗ್ ಎಲ್ಲವೂ ಅದಕ್ಕೇ ಜೋಡಿಸಿರಲಿ. ಸಂಬಳದ ಖಾತೆಯನ್ನು ಯುಪಿಐ ಆ್ಯಪ್‌ನೊಳಗೆ ಹೋಗಿ ತೆಗೆದುಹಾಕಬೇಕು. ಆ್ಯಪನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಐಕಾನ್ ಹೋಗುತ್ತದೆ, ನೋಂದಣಿ ಹೋಗುವುದಿಲ್ಲ.

ಇಷ್ಟಕ್ಕೆ ನಿಲ್ಲಿಸಿದರೆ ಅರ್ಧ ಕೆಲಸ. ಯುಪಿಐ ನೋಂದಣಿ ನಡೆಯುವುದು ಮೊಬೈಲ್ ನಂಬರಿನ ಆಧಾರದ ಮೇಲೆ. ಆ ನಂಬರ್ ಯಾವ ಯಾವ ಬ್ಯಾಂಕಿನಲ್ಲಿದೆಯೋ ಆ ಖಾತೆಗಳನ್ನೆಲ್ಲ ಯಾರು ಬೇಕಾದರೂ ಅದೇ ಸಿಮ್‌ನಿಂದ ಹುಡುಕಿ ಜೋಡಿಸಲು ಪ್ರಯತ್ನಿಸಬಹುದು. ಹಾಗಾಗಿ ಸಂಬಳದ ಖಾತೆಗೆ ಬೇರೆ ನಂಬರ್ ಕೊಡಿ, ಆ ಸಿಮ್ ಮನೆಯ ಹಳೇ ಫೋನಿನಲ್ಲಿರಲಿ. ಕಿರಿಕಿರಿ ಹೌದು, ತಿಂಗಳಿಗೊಮ್ಮೆ ರೀಚಾರ್ಜ್ ಖರ್ಚೂ ಹೌದು. ಆದರೂ ಈ ಪಟ್ಟಿಯಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಫುಲ್ ಕೆವೈಸಿ: ಅಗತ್ಯ ಇಲ್ಲದಿದ್ದರೆ ಮಾಡಿಸಬೇಡಿ. ಕನಿಷ್ಠ ಕೆವೈಸಿ ವಾಲೆಟ್‌ನಲ್ಲಿ ಯಾವ ಹೊತ್ತಿಗೂ 10,000 ರೂ. ಮೀರಿ ಇರುವಂತಿಲ್ಲ, ತಿಂಗಳಿಗೆ ತುಂಬಬಹುದಾದದ್ದೂ 10,000, ವರ್ಷಕ್ಕೆ 1,20,000. ಅದರಿಂದ ಅಂಗಡಿಗೆ ಕೊಡಬಹುದು, ಇನ್ನೊಬ್ಬರ ಖಾತೆಗೆ ಕಳಿಸಲು ಬರುವುದಿಲ್ಲ, ನಗದು ತೆಗೆಯಲೂ ಬರುವುದಿಲ್ಲ. ಜನ ಇದನ್ನು ಕೊರತೆ ಅಂದುಕೊಳ್ಳುತ್ತಾರೆ. ನಮ್ಮ ಕೆಲಸಕ್ಕೆ ಇದೇ ಗುಣ. ಫುಲ್ ಕೆವೈಸಿ ಆದ ಕೂಡಲೇ ಮಿತಿ 2 ಲಕ್ಷಕ್ಕೆ ಏರುತ್ತದೆ, ಹಣ ವರ್ಗಾವಣೆ ತೆರೆದುಕೊಳ್ಳುತ್ತದೆ. ಒಂದು ವಿನಾಯಿತಿ: ನಗದು ಕೊಟ್ಟು ತುಂಬುವ ಬಗೆಯ ಸಣ್ಣ ವಾಲೆಟ್ ಆಗಿದ್ದರೆ 24 ತಿಂಗಳೊಳಗೆ ಫುಲ್ ಕೆವೈಸಿ ಆಗಲೇಬೇಕು. ಬ್ಯಾಂಕ್ ಖಾತೆಯಿಂದ ಮಾತ್ರ ತುಂಬುವಂಥದ್ದಕ್ಕೆ ಆ ಗಡುವು ಇಲ್ಲ.

ರಕ್ಷಣೆ ಸಮ ಅಲ್ಲ. ಬ್ಯಾಂಕ್ ಠೇವಣಿಗೆ ಡಿಐಸಿಜಿಸಿ (ಠೇವಣಿ ವಿಮಾ ನಿಗಮ) ವಿಮೆ ಇದೆ, 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ. ಬ್ಯಾಂಕಿನದಲ್ಲದ ವಾಲೆಟ್ ಕಂಪನಿ ನಿಮ್ಮ ದುಡ್ಡನ್ನು ಒಂದು ಬ್ಯಾಂಕಿನ ಎಸ್ಕ್ರೊ ಖಾತೆಯಲ್ಲಿ ಇಡಬೇಕು, ಸ್ವಂತಕ್ಕೆ ಬಳಸುವಂತಿಲ್ಲ, ಆದರೆ ಅದು ನಿಮ್ಮ ಠೇವಣಿ ಅಲ್ಲ, ಬಡ್ಡಿಯೂ ಇಲ್ಲ. ರಿಸರ್ವ್ ಬ್ಯಾಂಕ್ ಕ್ರಮ ಕೈಗೊಂಡರೆ ಏನಾಗುತ್ತದೆ ಎಂಬುದಕ್ಕೆ ಪೇಟಿಎಂ ಪೇಮೆಂಟ್ಸ್ ಬ್ಯಾಂಕ್ ನೋಡಿ: 2024ರ ಮಾರ್ಚ್ 15ರ ನಂತರ ಅದರ ವಾಲೆಟ್‌ಗೆ ಹೊಸದಾಗಿ ತುಂಬುವುದು ನಿಂತಿತು, ಇದ್ದ ಬ್ಯಾಲೆನ್ಸ್ ಬಳಸಲು, ತೆಗೆಯಲು ಬಿಟ್ಟರು. ಪಿಎಂಸಿ ಬ್ಯಾಂಕಿನಲ್ಲಿ 2019ರ ಸೆಪ್ಟೆಂಬರಿನಲ್ಲಿ ಮೊದಲಿಗೆ 1,000 ರೂ. ಮಾತ್ರ ತೆಗೆಯಲು ಬಿಟ್ಟದ್ದು ಮುಂಬಯಿಯವರಿಗೆ ಮರೆತಿರಲಿಕ್ಕಿಲ್ಲ. ಎರಡು ಬ್ಯಾಂಕ್ ಇಟ್ಟುಕೊಳ್ಳಿ ಅನ್ನುವುದಕ್ಕೆ ಅದೂ ಒಂದು ಕಾರಣ.

ದುಡ್ಡು ಹೋದರೆ 3 ಕೆಲಸದ ದಿನದೊಳಗೆ ದೂರು ಕೊಡಿ, ಪೂರ್ತಿ ರಕ್ಷಣೆ ಇದೆ. ವಿವರ ಬೇರೆಯವರು ಹೇಳಲಿ.

ಕೋಥ್ರೂಡ್_ಡೀಬಗ್ ಉತ್ತರ:

ಲೋಕಲ್‌ನಲ್ಲಿ ಓಡಾಡೋರು ಅಂದ್ರಿ, ಹಾಗಾಗಿ ಫೋನ್ ಭಾಗ ನಾನು ಹೇಳ್ತೀನಿ. ಬಾಗಿಲಲ್ಲಿ ನಿಂತವರ ಕೈಗೆ ಹಳಿ ಪಕ್ಕದಿಂದ ಕೋಲಲ್ಲಿ ಹೊಡೆದು ಫೋನ್ ಬೀಳಿಸೋ ಫಟ್ಕಾ ಗ್ಯಾಂಗ್‌ಗೆ ಸಿಗೋದು ಹೆಚ್ಚಾಗಿ *ಲಾಕ್ ತೆರೆದಿರೋ* ಫೋನ್. ಸ್ಕ್ರೀನ್ ಲಾಕ್ ಇದೆ ಅನ್ನೋ ಧೈರ್ಯ ಅಲ್ಲಿ ಕೆಲಸಕ್ಕೆ ಬರಲ್ಲ.

ಮೊದಲೇ ಮಾಡಿಡಬೇಕಾದ್ದು. ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಥೆಫ್ಟ್ ಪ್ರೊಟೆಕ್ಷನ್. ಅಲ್ಲಿ ಥೆಫ್ಟ್ ಡಿಟೆಕ್ಷನ್ ಲಾಕ್, ಆಫ್‌ಲೈನ್ ಡಿವೈಸ್ ಲಾಕ್, ರಿಮೋಟ್ ಲಾಕ್ ಮೂರನ್ನೂ ಆನ್ ಮಾಡಿ. ಆಂಡ್ರಾಯ್ಡ್ 10 ಅಥವಾ ಮೇಲಿದ್ರೆ ಸಿಗುತ್ತೆ. ಮೊದಲನೆಯದು ಕಿತ್ಕೊಂಡು ಓಡೋ ಜರ್ಕನ್ನ ಗುರುತಿಸಿ ಸ್ಕ್ರೀನ್ ಲಾಕ್ ಮಾಡುತ್ತೆ. ಯಾವಾಗಲೂ ಹಿಡಿಯುತ್ತೆ ಅಂತಿಲ್ಲ, ಅದಕ್ಕೇ ಮೂರನೆಯದು ಬೇಕು. ರಿಮೋಟ್ ಲಾಕ್ ಆನ್ ಇದ್ರೆ ಪಕ್ಕದವರ ಫೋನಿಂದ ಆಂಡ್ರಾಯ್ಡ್ ಡಾಟ್ ಕಾಮ್ ಸ್ಲ್ಯಾಶ್ ಲಾಕ್ ಪುಟಕ್ಕೆ ಹೋಗಿ ನಿಮ್ಮ ನಂಬರ್ ಕೊಟ್ರೆ ಸಾಕು, ಗೂಗಲ್ ಪಾಸ್‌ವರ್ಡ್ ನೆನಪು ಮಾಡ್ಕೊಳ್ತಾ ನಿಲ್ಲಬೇಕಿಲ್ಲ. ಐಫೋನ್‌ನವರಿಗೆ ಐಒಎಸ್ 17.3ರಿಂದ ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್ ಇದೆ.

ಲಾಕ್ ಸ್ಕ್ರೀನ್ ಮೇಲೆ ನೋಟಿಫಿಕೇಷನ್‌ನ ಒಳವಿಷಯ ಕಾಣದ ಹಾಗೆ ಮಾಡಿ. ಇಲ್ಲದಿದ್ರೆ ಲಾಕ್ ಆಗಿರೋ ಫೋನ್ ಮೇಲೂ ಒಟಿಪಿ ಓದಬಹುದು. ಫೋನಿನ ಪಿನ್, ವಾಲೆಟ್ ಆ್ಯಪ್‌ನ ಪಿನ್, ಯುಪಿಐ ಪಿನ್ ಮೂರೂ ಬೇರೆ ಬೇರೆ ಇರಲಿ. ಗದ್ದಲದ ಡಬ್ಬಿಯಲ್ಲಿ ನಿಮ್ಮ ಹೆಗಲ ಮೇಲಿಂದ ನೋಡಿದವನಿಗೆ ಮೊದಲನೆಯದು ಗೊತ್ತಾಗೋದು ಬಹಳ ಸುಲಭ.

ಯಾರೂ ಮಾಡದ ಕೆಲಸ ಅಂದ್ರೆ ಸಿಮ್ ಪಿನ್. ಯುಪಿಐ ಆ್ಯಪ್ ನಿಮ್ಮನ್ನ ಗುರುತಿಸೋದು ಫೋನಿಂದ ಹೋಗೋ ಒಂದು ಎಸ್ಸೆಮ್ಮೆಸ್‌ನಿಂದ. ಕಳ್ಳ ನಿಮ್ಮ ಫೋನ್ ತೆರೆಯೋ ಕಷ್ಟಾನೇ ಪಡಲ್ಲ, ಸಿಮ್ ಕಿತ್ತು ತನ್ನ ಫೋನಿಗೆ ಹಾಕ್ತಾನೆ, ಅಲ್ಲಿಂದ ಎಸ್ಸೆಮ್ಮೆಸ್ ಹೋಗುತ್ತೆ. ಸಿಮ್ ಪಿನ್ ಇದ್ರೆ ಬೇರೆ ಫೋನಿಗೆ ಹಾಕಿದ ತಕ್ಷಣ ಅಂಕಿ ಕೇಳುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ, ಸಿಮ್ ಲಾಕ್ ಅಂತ ಹುಡುಕಿ. ಆನ್ ಮಾಡುವಾಗ ಕಂಪನಿಯ ಡೀಫಾಲ್ಟ್ ಪಿನ್ ಕೇಳುತ್ತೆ. ಊಹೆ ಮಾಡಿ ಹಾಕಬೇಡಿ, ಕಸ್ಟಮರ್ ಕೇರ್‌ಗೆ ಕೇಳಿ. ಮೂರು ಸಲ ತಪ್ಪಿದ್ರೆ ಪಿಯುಕೆ ಅನ್ನೋ ಅನ್‌ಲಾಕ್ ಸಂಖ್ಯೆ ಕೇಳುತ್ತೆ, ಪಿಯುಕೆ ಹತ್ತು ಸಲ ತಪ್ಪಿದ್ರೆ ಆ ಸಿಮ್ ಸತ್ತಂತೆ. ಇ-ಸಿಮ್ ಆದ್ರೆ ಕೀಳೋ ಮಾತೇ ಇಲ್ಲ.

ಈಗ ಫೋನ್ ಹೋಯ್ತು ಅಂತಿಟ್ಕೊಳ್ಳಿ. ನಾನು ಹೇಳೋ ಕ್ರಮ: ಪಕ್ಕದವರ ಫೋನಲ್ಲಿ ರಿಮೋಟ್ ಲಾಕ್. ತಕ್ಷಣ ಟೆಲಿಕಾಂ ಕಂಪನಿಗೆ ಕರೆ, ಸಿಮ್ ಬಂದ್. ಸಿಮ್ ನಿಂತ್ರೆ ಒಟಿಪಿಯೂ ನಿಲ್ಲುತ್ತೆ, ಹೊಸ ನೋಂದಣಿಯೂ ನಿಲ್ಲುತ್ತೆ, ಆದ್ದರಿಂದ ಬ್ಯಾಂಕಿಗಿಂತ ಇದು ಮೊದಲು. ಆಮೇಲೆ ಬ್ಯಾಂಕಿನ 24 ಗಂಟೆ ನಂಬರಿಗೆ, "ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ಮೂರೂ ಬ್ಲಾಕ್ ಮಾಡಿ" ಅಂತ ಬಿಡಿಬಿಡಿಯಾಗಿ ಹೇಳಿ. ಕಾರ್ಡ್ ಬ್ಲಾಕ್ ಮಾಡಿದ್ರೆ ಯುಪಿಐ ತಾನಾಗಿ ನಿಲ್ಲಲ್ಲ. ನಂತರ ವಾಲೆಟ್ ಕಂಪನಿ. ಆಗಲೇ ದುಡ್ಡು ಹೋಗಿದೆ ಅಂತ ಗೊತ್ತಾದ್ರೆ ಸಿಮ್ ಆದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930, ಉಳಿದದ್ದು ಆಮೇಲೆ. ಮನೆಗೆ ಹೋಗಿ ಕಂಪ್ಯೂಟರಲ್ಲಿ ಗೂಗಲ್ ಖಾತೆಯಿಂದ ಆ ಫೋನನ್ನ ಸೈನ್‌ಔಟ್ ಮಾಡಿ, ಯಾಕಂದ್ರೆ ಎಷ್ಟೋ ಪಾಸ್‌ವರ್ಡ್ ರೀಸೆಟ್ ಲಿಂಕ್ ಇಮೇಲ್‌ಗೆ ಬರುತ್ತೆ.

ರೈಲಲ್ಲಿ ಆದ ಕಳವಿಗೆ ಜಿಆರ್‌ಪಿ (ರೈಲ್ವೆ ಪೊಲೀಸ್), ಸಹಾಯವಾಣಿ 1512. ಘಟನೆ ಆದ ಸ್ಟೇಷನ್ ನಮ್ಮದಲ್ಲ ಅಂದ್ರೆ ಜೀರೊ ಎಫ್‌ಐಆರ್ (ಯಾವ ಠಾಣೆಯಲ್ಲಾದ್ರೂ ಕೊಡಬಹುದಾದ ದೂರು) ಕೇಳಿ, ಅಪರಾಧ ಪ್ರಕ್ರಿಯೆಯ ಕಾನೂನು ಬಿಎನ್‌ಎಸ್‌ಎಸ್‌ನ 173ನೇ ಕಲಮಿನಲ್ಲಿ ಅವಕಾಶ ಇದೆ. ಆ ದೂರಿನ ಪ್ರತಿ, ಐಎಂಇಐ (ಹ್ಯಾಂಡ್‌ಸೆಟ್‌ನ ಗುರುತಿನ ಸಂಖ್ಯೆ), ಡುಪ್ಲಿಕೇಟ್ ಸಿಮ್ ಇಟ್ಕೊಂಡು ಸರ್ಕಾರದ ಸಂಚಾರ್ ಸಾಥಿ ತಾಣದ ಸಿಇಐಆರ್ ವಿಭಾಗದಲ್ಲಿ ಹ್ಯಾಂಡ್‌ಸೆಟ್ಟನ್ನೇ ಬ್ಲಾಕ್ ಮಾಡಿಸಬಹುದು. ಐಎಂಇಐ ಈಗಲೇ *#06# ಒತ್ತಿ ಕಾಗದದಲ್ಲಿ ಬರೆದಿಡಿ, ಜೊತೆಗೆ ಬ್ಯಾಂಕ್, ವಾಲೆಟ್, ಟೆಲಿಕಾಂ ನಂಬರ್‌ಗಳನ್ನೂ. ಫೋನ್ ಒಳಗೆ ಸೇವ್ ಮಾಡಿದ ಸಹಾಯವಾಣಿ ನಂಬರ್ ಫೋನ್ ಜೊತೆಗೇ ಹೋಗುತ್ತೆ.

ಡುಪ್ಲಿಕೇಟ್ ಸಿಮ್ ಬಂದ ಮೇಲೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ತಡೆ ಇರುತ್ತೆ, ಸಿಮ್ ಸ್ವಾಪ್ ಮೋಸ ತಡೆಯೋಕೆ ಅಂತ ದೂರಸಂಪರ್ಕ ಇಲಾಖೆ ಮಾಡಿದ ನಿಯಮ. ಅಂದ್ರೆ ಒಂದು ದಿನ ಒಟಿಪಿ ಬರಲ್ಲ, ಸಿಮ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಪರ್ಸಿನಲ್ಲಿ ಒಂದಿಷ್ಟು ನೋಟು ಇರಲಿ.

ಡೊಂಬಿವಲಿ_ಪೂರ್ವ:

ಕಾರ್ಡ್ ತೆಗೆದೆ. ಯುಪಿಐ ಲೈಟ್ (ಸಣ್ಣ ಪಾವತಿಗೆ ಮೊದಲೇ ದುಡ್ಡು ತುಂಬಿಡುವ ಸೌಲಭ್ಯ) ಬಗ್ಗೆ? ಪಿನ್ ಕೇಳುವುದೇ ಇಲ್ಲವಲ್ಲ, ಅದು ಅಪಾಯವಲ್ಲವೇ? ಫಾಸ್ಟ್ಯಾಗ್, ಮೆಟ್ರೊ ಕಾರ್ಡ್ ಹಾಗೇ ಬಿಡಬಹುದಾ?

ಮಾಟುಂಗಾ_ಲೆಕ್ಕ:

ಲೈಟ್ ಇರಲಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಪಾವತಿಗೆ 1,000, ಒಟ್ಟು 5,000 ರೂ. ಮಿತಿ. ವಡಾಪಾವ್, ರಿಕ್ಷಾಕ್ಕೆಲ್ಲ ಜನರ ಮಧ್ಯೆ ನಿಂತು ಯುಪಿಐ ಪಿನ್ ಒತ್ತುವುದು ತಪ್ಪುತ್ತದೆ. ಒತ್ತದ ಪಿನ್ನನ್ನು ಯಾರೂ ಕದ್ದು ನೋಡಲಾರರು. 1,000 ತುಂಬಿದರೆ ಅಷ್ಟೇ ನಿಮ್ಮ ಅಪಾಯ.

ಕೋಥ್ರೂಡ್_ಡೀಬಗ್:

ಒಪ್ತೀನಿ, ಆದ್ರೆ ಆಟೊ ಟಾಪ್‌ಅಪ್ ಆಫ್ ಇರಬೇಕು. ಅದು ಆನ್ ಇದ್ರೆ ಖಾಲಿಯಾದಂತೆಲ್ಲ ಪಿನ್ ಕೇಳದೆ ಖಾತೆಯಿಂದ ತುಂಬ್ಕೊಳ್ಳುತ್ತೆ, ಆಗ ಮಿತಿ ಅನ್ನೋ ಮಾತಿಗೆ ಅರ್ಥ ಇಲ್ಲ. ಫೋನ್ ಬದಲಿಸುವ ಮುಂಚೆ ಲೈಟ್ ಬಂದ್ ಮಾಡಿ ಬ್ಯಾಲೆನ್ಸ್ ಖಾತೆಗೆ ಎಳೆದುಕೊಳ್ಳಿ.

ಮೆಟ್ರೊ ಕಾರ್ಡಿನ ಆಫ್‌ಲೈನ್ ಬ್ಯಾಲೆನ್ಸ್ ಚಿಪ್ ಮೇಲೆ ಇರುತ್ತೆ, ಗರಿಷ್ಠ 2,000. ಕಾರ್ಡ್ ಕಳೆದ್ರೆ ಆ ದುಡ್ಡು ಕಳೆದ ಹಾಗೇ, ಬ್ಲಾಕ್ ಮಾಡಿಸಿದ್ರೂ ಚಿಪ್‌ನಲ್ಲಿರೋದು ನಿಲ್ಲಲ್ಲ. 200–300ಕ್ಕಿಂತ ಜಾಸ್ತಿ ತುಂಬೋ ಅಗತ್ಯ ಇಲ್ಲ.

ಫಾಸ್ಟ್ಯಾಗ್‌ಗೆ ಟ್ಯಾಗ್‌ನಿಂದ ಅಪಾಯ ಕಡಿಮೆ. ವಾಚ್ ಹಾಕಿದ ಹುಡುಗ ಗಾಜು ಒರೆಸ್ತಾ ಸ್ಕ್ಯಾನ್ ಮಾಡ್ದ ಅನ್ನೋ 2022ರ ವಿಡಿಯೊ ಸುಳ್ಳು. ನೋಂದಾಯಿತ ಟೋಲ್, ಪಾರ್ಕಿಂಗ್ ವ್ಯಾಪಾರಿಗಳಿಗೆ ಬಿಟ್ಟು ಬೇರೆಯವರಿಗೆ ಅದರಿಂದ ಹಣ ಹೋಗಲ್ಲ ಅಂತ ಯುಪಿಐ, ಫಾಸ್ಟ್ಯಾಗ್ ನಡೆಸೋ ಎನ್‌ಪಿಸಿಐ ಆಗಲೇ ಹೇಳಿತ್ತು. ನಿಜವಾದ ಮೋಸ ಇರೋದು ನಕಲಿ ಫಾಸ್ಟ್ಯಾಗ್ ಸಹಾಯವಾಣಿಯಲ್ಲಿ. ಟ್ಯಾಗ್ ಕೆಲಸ ಮಾಡ್ತಿಲ್ಲ ಅಂತ ಗೂಗಲಲ್ಲಿ ನಂಬರ್ ಹುಡುಕಬೇಡಿ, ಹೆದ್ದಾರಿ ಪ್ರಾಧಿಕಾರದ್ದು 1033, ಟ್ಯಾಗ್ ಕೊಟ್ಟ ಬ್ಯಾಂಕಿನ ನಂಬರ್ ಅದರ ಆ್ಯಪ್‌ನಲ್ಲಿದೆ. ಅಂದ ಹಾಗೆ 2025ರಲ್ಲಿ 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಗೆ ನಡೆಯಲ್ಲ, ಅದು ರಾಜ್ಯದ ರಸ್ತೆ. "ಎಕ್ಸ್‌ಪ್ರೆಸ್‌ವೇ ಪಾಸ್" ಅಂತ ಲಿಂಕ್ ಬಂದ್ರೆ ಅಲ್ಲೇ ಅಳಿಸಿ.

ವಾಸ್ಕೊ_ಕಿರಾಣಿ ಉತ್ತರ:

ಎಲ್ಲಾರೂ ಕೊಡೋರ ಕಡೀಂದ ಹೇಳಾಕತ್ತೀರಿ. ಗೋವಾದಾಗ ಅಂಗಡಿ, ಖಾನಾವಳಿ ನಡೆಸೋ ನಮ್ಮ ಮಂದಿ ಭಾಳ ಅದಾರ, ತಗೊಳ್ಳೋರ ಕಡೀಂದ ನಾನು ಹೇಳತೀನಿ.

ಒಂದನೇದು ಕ್ಯೂಆರ್ ಸ್ಟಿಕರ್. ರಾತ್ರಿ ಬಂದು ನಿಮ್ಮ ಸ್ಟಿಕರ್ ಮ್ಯಾಲ ತಮ್ಮದು ಅಂಟಿಸಿ ಹೋಗತಾರ. ದಿನಾ ಮುಂಜಾನೆ ಅಂಗಡಿ ತಗದ ಕೂಡಲೇ ಒಂದು ರೂಪಾಯಿ ಸ್ಕ್ಯಾನ್ ಮಾಡಿ ಹಾಕ್ರಿ, ಹೆಸರು ನಿಮ್ಮದ ಬರತೈತೇನ ನೋಡ್ರಿ. ಸ್ಟಿಕರ್ ಗಾಜಿನ ಒಳಗಿಂದ ಹಚ್ಚಿದ್ರ ಛಲೋ.

ಎರಡನೇದು ಸ್ಕ್ರೀನ್‌ಶಾಟ್. ಪಾವತಿ ಆದಂಗ ಹಸಿರು ಟಿಕ್ ತೋರಸೋ ನಕಲಿ ಆ್ಯಪ್ ಅದಾವ. ಗಿರಾಕಿ ಫೋನ್ ನೋಡಬ್ಯಾಡ್ರಿ, ನಿಮ್ಮ ಮರ್ಚಂಟ್ ಆ್ಯಪ್ ನೋಡ್ರಿ. ಸೌಂಡ್‌ಬಾಕ್ಸಿಗೂ ನೆಟ್‌ವರ್ಕ್ ಬೇಕು, ಬೀಚ್ ಕಡೆ ಸೀಸನ್‌ನಾಗ ತಡಾ ಮಾಡತೈತಿ. ಬಾಕ್ಸ್ ಮಾತಾಡಲಿಲ್ಲ ಅಂತ ಗಿರಾಕಿ ಕಡೆ ಎರಡನೇ ಸಲ ಹಾಕಸಬ್ಯಾಡ್ರಿ, ಆ್ಯಪ್‌ನಾಗ ಯುಟಿಆರ್ (ಆ ಪಾವತಿಯ ಗುರುತಿನ ನಂಬರ್) ಹುಡುಕ್ರಿ. ಖಾತೆಯಿಂದ ರೊಕ್ಕ ಹೋಗಿ ಅಂಗಡಿಗೆ ಬರಲಿಲ್ಲ ಅಂದ್ರ ಐದು ದಿನದಾಗ ತಾನ ವಾಪಸ್ ಹೋಗಬೇಕು, ಒಬ್ಬರಿಂದ ಒಬ್ಬರಿಗೆ ಹಾಕಿದ್ದಾದ್ರ ಒಂದ ದಿನ. ಮೀರಿದ್ರ ದಿನಕ್ಕ 100 ರೂಪಾಯಿ ಬ್ಯಾಂಕ್ ಕೊಡಬೇಕು, 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕ್ ಸುತ್ತೋಲೆ. ಕೇಳದಿದ್ರೂ ಕೊಡಬೇಕಂತ ಐತಿ, ಆದ್ರ ಕೇಳ್ರಿ.

ಮೂರನೇದು ಎಲ್ಲಾದಕ್ಕಿಂತ ಕೆಟ್ಟದ್ದು. "ಅಣ್ಣಾ, ಎಟಿಎಂ ನಡೀವಲ್ದು, 5,000 ಯುಪಿಐ ಹಾಕ್ತೀನಿ, ನಗದು ಕೊಡ್ರಿ, ನೂರು ನೀವ ಇಟ್ಟುಕೊಳ್ರಿ." ರೊಕ್ಕ ಖರೇನ ಬರತೈತಿ, ಬಾಕ್ಸೂ ಮಾತಾಡತೈತಿ. ಆದ್ರ ಅದು ಬ್ಯಾರೆ ಯಾರದೋ ಖಾತೆಯಿಂದ ಕದ್ದ ರೊಕ್ಕ. ಕಳಕೊಂಡವರು 1930ಕ್ಕ ದೂರು ಕೊಟ್ಟ ಕೂಡಲೇ ಆ ರೊಕ್ಕ ಯಾವ ಯಾವ ಖಾತೆ ದಾಟಿ ಹೋಗೇತೋ ಅಲ್ಲೆಲ್ಲಾ ಬ್ಯಾಂಕಿನವರು ತಡಿ ಹಾಕ್ತಾರ. ನಗದು ತಗೊಂಡವ ಹೋದ, ಲೀನ್ (ಬ್ಯಾಂಕ್ ಹಾಕೋ ಆ ತಡಿ) ನಿಮ್ಮ ಖಾತೆಗೆ ಬಿತ್ತು. ಒಂದೊಂದು ಸಲ 5,000ಕ್ಕ ಅಲ್ಲ, ಖಾತೆನ ಪೂರಾ ಬಂದ್. ಸರಕು ತರೋ ರೊಕ್ಕಾನೂ ಅದರಾಗ ಇದ್ರ ಮುಗೀತು. ಅದಕ್ಕ ಅಂಗಡಿ ಕ್ಯೂಆರ್‌ಗೆ ಬ್ಯಾರೆ ಖಾತೆ ಇಡ್ರಿ, ದಿನಾ ಸಂಜಿಗೆ ಅಲ್ಲಿಂದ ಎತ್ತಿ ಇನ್ನೊಂದಕ್ಕ ಹಾಕ್ರಿ. ಯುಪಿಐ ತಗೊಂಡು ನಗದು ಯಾರಿಗೂ ಕೊಡಬ್ಯಾಡ್ರಿ, ಪರಿಚಯದ ಟ್ಯಾಕ್ಸಿಯವರು ಕೇಳಿದ್ರೂ.

ಲೀನ್ ಬಿದ್ದ ಮ್ಯಾಲ ಬ್ಯಾಂಕಿನ್ಯಾಗ ಜಗಳಾಡಿ ಉಪಯೋಗ ಇಲ್ಲ. ದೂರಿನ ನಂಬರ್, ಯಾವ ರಾಜ್ಯದ ಯಾವ ಠಾಣೆ, ಎಷ್ಟು ಮೊತ್ತ, ಯಾವ ಯುಟಿಆರ್, ಇವನ್ನ ಬರಹದಾಗ ಕೇಳ್ರಿ. ವಿವಾದದ ಮೊತ್ತಕ್ಕ ಮಾತ್ರ ತಡಿ ಇರಲಿ, ಉಳಿದದ್ದು ಬಿಡ್ರಿ ಅಂತ ಅರ್ಜಿ ಕೊಡ್ರಿ. ಆ ಪಾವತಿಯ ಬಿಲ್ ಹಚ್ಚಿ ಆ ಠಾಣೆಗೆ ಇಮೇಲ್ ಮಾಡ್ರಿ. ಬಿಲ್ ಇದ್ದವರ ಮಾತು ನಡೀತೈತಿ.

ಗೋವಾಕ್ಕ ತಿರುಗಾಡಾಕ ಬರೋರಿಗೆ ಒಂದ ಮಾತು: ವಿಲ್ಲಾ, ಬಾಡಿಗೆ ಗಾಡಿ ಅಡ್ವಾನ್ಸ್ ಹಾಕೋ ಮುಂದ ಸ್ಕ್ಯಾನ್ ಮಾಡಿದಾಗ ಬರೋ ಹೆಸರು ಓದ್ರಿ. ಹೋಟೆಲಿನ ಹೆಸರ ಬದಲಿ ಯಾವನೋ ಒಬ್ಬನ ಹೆಸರು ಬಂದ್ರ ನಿಲ್ರಿ. "ಡೆಪಾಸಿಟ್ ವಾಪಸ್ ಕೊಡ್ತೀವಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ" ಅಂದ್ರ ಅದು ಕೊಡೋದಲ್ಲ, ತಗೊಳ್ಳೋದು. ಒಬ್ಬರಿಂದ ಒಬ್ಬರಿಗೆ ಕಲೆಕ್ಟ್ ರಿಕ್ವೆಸ್ಟ್ (ಯುಪಿಐನಾಗ ರೊಕ್ಕ ಕೇಳೋ ಕೋರಿಕೆ) ಕಳಸೋದು 2025ರ ಅಕ್ಟೋಬರ್ 1ರಿಂದ ಬಂದ್ ಆಗೇತಿ, ಹಂಗಾಗಿ ಈಗ ಎಲ್ಲಾ ಕ್ಯೂಆರ್ ಕಡೆ ತಿರುಗ್ಯಾರ.

ಗೋರೆಗಾಂವ್_ಕರಾವಳಿ ಉತ್ತರ:

ಮೇಲೆ "3 ಕೆಲಸದ ದಿನ" ಅಂತ ಬರೆದದ್ದು ಬ್ಯಾಂಕ್ ಖಾತೆಗೆ ಸರಿ, ವಾಲೆಟ್‌ಗೆ ಸರಿ ಅಲ್ಲ. ವ್ಯತ್ಯಾಸ ಉಂಟು.

ಬ್ಯಾಂಕ್ ಖಾತೆಯಿಂದ ಹೋದದ್ದಕ್ಕೆ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಪ್ಪು ಬ್ಯಾಂಕಿನದ್ದಾದರೆ ನೀವು ತಿಳಿಸಿದಿರೋ ಇಲ್ಲವೋ, ನಿಮ್ಮ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದ್ದೂ ಅಲ್ಲ, ನಿಮ್ಮದೂ ಅಲ್ಲ, ಮೂರನೆಯವರದ್ದು ಎಂದಾದರೆ, ಮೆಸೇಜ್ ಬಂದ ದಿನವನ್ನು ಬಿಟ್ಟು 3 ಕೆಲಸದ ದಿನದೊಳಗೆ ತಿಳಿಸಿದರೆ ಸೊನ್ನೆ. 4ರಿಂದ 7ನೇ ದಿನದಲ್ಲಿ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಹೆಚ್ಚೆಂದರೆ 10,000 ರೂ. ನಿಮ್ಮ ಪಾಲು. ಅದರಾಚೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿ ಹೇಳಿದಂತೆ.

ಬ್ಯಾಂಕಿನದಲ್ಲದ ವಾಲೆಟ್‌ಗೆ 2019ರ ಜನವರಿ 4ರ ಸುತ್ತೋಲೆ. ಲೆಕ್ಕ ಹೆಚ್ಚುಕಡಿಮೆ ಅದೇ, ಆದರೆ ಇಲ್ಲಿ ಬರೀ "ದಿನ", ಕೆಲಸದ ದಿನ ಅಲ್ಲ. ಗಣೇಶ ಚೌತಿಯ ರಜೆ, ಶನಿವಾರ, ಭಾನುವಾರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಶುಕ್ರವಾರ ರಾತ್ರಿ ಹೋದ ದುಡ್ಡಿಗೆ ಮಂಗಳವಾರ ದೂರು ಕೊಟ್ಟರೆ ಬ್ಯಾಂಕಿಗೆ ಅವಧಿಯೊಳಗೆ, ವಾಲೆಟ್‌ಗೆ ಅವಧಿ ಮೀರಿ. ಮೆಟ್ರೊ, ಬಸ್ಸಿಗೆಂದೇ ಇರುವ ಸಾರಿಗೆ ಪ್ರೀಪೇಯ್ಡ್ ಕಾರ್ಡಿಗೆ, ಕೊಟ್ಟವರದೇ ತಪ್ಪು ಇದ್ದರೆ ಹೊರತು, ಈ ರಕ್ಷಣೆ ಇಲ್ಲ. ವಾಲೆಟ್ ಕಂಪನಿ, ನೀವು ತಿಳಿಸಿದ 10 ದಿನದೊಳಗೆ ಹೋದ ಮೊತ್ತವನ್ನು ತಾತ್ಕಾಲಿಕವಾಗಿ ಜಮಾ ತೋರಿಸಬೇಕು, 90 ದಿನದೊಳಗೆ ದೂರು ತೀರಿಸಬೇಕು. ಗ್ರಾಹಕನದ್ದೇ ತಪ್ಪು ಎಂದು ಸಾಬೀತು ಮಾಡುವ ಹೊಣೆ ಕಂಪನಿಯದ್ದು.

ಆದರೆ ಜನ ಎಡವುವುದು ಬೇರೆ ಕಡೆ. ನೀವೇ ಪಿನ್ ಒತ್ತಿದ್ದರೆ, ಒಟಿಪಿ ಹೇಳಿದ್ದರೆ, ಸ್ಕ್ರೀನ್ ಶೇರ್ ಕೊಟ್ಟಿದ್ದರೆ ಅದು ನಿರ್ಲಕ್ಷ್ಯದ ಖಾನೆಗೆ ಹೋಗುತ್ತದೆ, ಅಲ್ಲಿ 3 ದಿನದ ಮಾತೇ ಇಲ್ಲ: ತಿಳಿಸುವ ತನಕ ಹೋದದ್ದು ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಅವರದ್ದು. ಹಾಗಾಗಿ ಕರೆ ಮಾಡಿದ ನಿಮಿಷಕ್ಕೂ ಬೆಲೆ ಉಂಟು. ಕರೆ ಮಾಡಿ ದೂರಿನ ನಂಬರ್ ಪಡೆಯಿರಿ, ಅದೇ ನಂಬರ್ ಬರೆದು ಇಮೇಲ್ ಕೂಡ ಹಾಕಿ. ಆಗ ಸಮಯಕ್ಕೆ ಲಿಖಿತ ಸಾಕ್ಷಿ ಇರುತ್ತದೆ.

1930ಕ್ಕೆ ಕರೆ ಮಾಡುವಾಗ ಕೈಯಲ್ಲಿ ಇರಬೇಕಾದದ್ದು: 12 ಅಂಕಿಯ ಯುಟಿಆರ್, ಮೊತ್ತ, ಸಮಯ, ನಿಮ್ಮ ಬ್ಯಾಂಕ್ ಅಥವಾ ವಾಲೆಟ್ ಹೆಸರು, ನೋಂದಾಯಿತ ನಂಬರ್. ಹಲವು ಪಾವತಿ ಆಗಿದ್ದರೆ ಒಂದೊಂದರ ಯುಟಿಆರ್ ಬೇಕು. ಒಂದನ್ನು ಬಿಟ್ಟರೆ ಆ ದಾರಿಯ ದುಡ್ಡು ಹುಡುಕುವುದೇ ಇಲ್ಲ. ಅದೇ ದಿನ ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ತಾಣದಲ್ಲಿ ದೂರು ಪೂರ್ತಿ ಮಾಡಬೇಕು. 1930 ದುಡ್ಡನ್ನು ಹಿಂದಕ್ಕೆ ಕೊಡುವ ಕಚೇರಿ ಅಲ್ಲ, ಅದು ಮುಂದಕ್ಕೆ ಹೋಗದಂತೆ ತಡೆಯುತ್ತದೆ. ತಡೆದದ್ದು ನಿಮ್ಮ ಕೈಗೆ ಬರಲು ಕೋರ್ಟ್ ಆದೇಶ ಬೇಕಾಗಬಹುದು, ಅದಕ್ಕೆ ಠಾಣೆಯಲ್ಲಿ ಕೇಳಿ ಅರ್ಜಿ ಹಾಕಿ. ದೂರು ಕೊಟ್ಟು ಸುಮ್ಮನೆ ಕೂತರೆ ದುಡ್ಡು ಅಲ್ಲೇ ಕೊಳೆಯುತ್ತದೆ.

ಕಂಪನಿ 30 ದಿನ ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ). ವಾಲೆಟ್ ಕಂಪನಿಗಳೂ ಅದರ ಕೆಳಗೆ ಬರುತ್ತವೆ, ವಕೀಲರು ಬೇಡ, ಶುಲ್ಕ ಇಲ್ಲ, ಮಾಹಿತಿಗೆ 14448. ಮೊದಲು ಕಂಪನಿಗೇ ಲಿಖಿತ ದೂರು ಹೋಗಿರಬೇಕು, ಇಲ್ಲದಿದ್ದರೆ ಬಾಗಿಲಲ್ಲೇ ತಿರಸ್ಕಾರ.

ಪಿಂಪ್ರಿ_ಶಿಫ್ಟ್ ಉತ್ತರ:

ಎಪಿಕೆ ಬಗ್ಗೆ ಯಾರೂ ಹೇಳಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ "ಆರ್‌ಟಿಒ ಚಲನ್", "ಗ್ಯಾಸ್ ಬಿಲ್ ಬಾಕಿ, ಇವತ್ತು ರಾತ್ರಿ ಲೈನ್ ಕಟ್", ಕರೆಂಟ್ ಬಿಲ್ ಅಂತ ಬರುವ ಫೈಲ್. ಮುಂಬಯಿ, ಪುಣೆ ಎರಡೂ ಕಡೆ ಪೈಪ್ ಗ್ಯಾಸ್ ಮನೆಮನೆಗೆ ಇರುವುದರಿಂದ ನಂಬಿಬಿಡುತ್ತಾರೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿದ್ದರೆ ಅದು ಬಿಲ್ ಅಲ್ಲ, ಆ್ಯಪ್. ಇನ್‌ಸ್ಟಾಲ್ ಆದ ಮೇಲೆ ಎಸ್ಸೆಮ್ಮೆಸ್ ಓದಲು, ನೋಟಿಫಿಕೇಷನ್ ನೋಡಲು, ಆ್ಯಕ್ಸೆಸಿಬಿಲಿಟಿಗೆ ಅನುಮತಿ ಕೇಳುತ್ತದೆ. ಕೊಟ್ಟರೆ ನಿಮಗೆ ಬರುವ ಒಟಿಪಿ ಅದೇ ಕ್ಷಣ ಅವರಿಗೂ ಹೋಗುತ್ತದೆ, ನೀವು ಬಾಯಿ ಬಿಡದೆಯೇ. ಆಂಡ್ರಾಯ್ಡ್ 13ರಿಂದ ಇಂಥ ಹೊರಗಿನ ಆ್ಯಪ್‌ಗೆ ಆ್ಯಕ್ಸೆಸಿಬಿಲಿಟಿ ಕೊಡಲು ಹೋದರೆ "ರಿಸ್ಟ್ರಿಕ್ಟೆಡ್ ಸೆಟ್ಟಿಂಗ್" ಅಂತ ತಡೆಯುತ್ತದೆ. ಅದನ್ನು ಹೇಗೆ ದಾಟುವುದು ಎಂದು ಫೋನಿನಲ್ಲಿ ಯಾರಾದರೂ ಹೇಳಿಕೊಡುತ್ತಿದ್ದರೆ ಕರೆ ಕತ್ತರಿಸಿ.

ಹಾಕಿಬಿಟ್ಟಿದ್ದರೆ: ಏರೋಪ್ಲೇನ್ ಮೋಡ್, ವೈಫೈಯೂ ಆಫ್. *ಬೇರೆ* ಫೋನಿನಿಂದ ಬ್ಯಾಂಕಿಗೆ ಕರೆ, ಯುಪಿಐ ಮತ್ತು ನೆಟ್‌ಬ್ಯಾಂಕಿಂಗ್ ಬಂದ್. ಆ ಫೋನಿನಲ್ಲಿ ಪಾಸ್‌ವರ್ಡ್ ಬದಲಿಸಬೇಡಿ, ಹೊಸದೂ ಅವರಿಗೆ ಕಾಣುತ್ತದೆ. ಸೇಫ್ ಮೋಡ್‌ನಲ್ಲಿ ತೆರೆದು, ಡಿವೈಸ್ ಅಡ್ಮಿನ್ ಮತ್ತು ಆ್ಯಕ್ಸೆಸಿಬಿಲಿಟಿಯಿಂದ ಅದನ್ನು ಇಳಿಸಿ, ಆಮೇಲೆ ಅನ್‌ಇನ್‌ಸ್ಟಾಲ್. ಐಕಾನ್ ಕಾಣದೆ ಇರಬಹುದು, ಆ್ಯಪ್‌ಗಳ ಪೂರ್ತಿ ಪಟ್ಟಿಯಲ್ಲಿ ಹೆಸರಿಲ್ಲದ ಅಥವಾ ಗೇರ್ ಚಿತ್ರದ ಹೊಸ ಆ್ಯಪ್ ಹುಡುಕಿ. ಸ್ಕ್ರೀನ್‌ಶಾಟ್ ಮತ್ತು ಆ ಫೈಲ್ ಬಂದ ನಂಬರ್ ದೂರಿಗೆ ತೆಗೆದಿಟ್ಟುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ. ಬ್ಯಾಕಪ್‌ನಿಂದ ಆ್ಯಪ್‌ಗಳನ್ನು ತರಿಸಿಕೊಳ್ಳಬೇಡಿ, ಪ್ಲೇ ಸ್ಟೋರ್‌ನಿಂದ ಒಂದೊಂದಾಗಿ ಹಾಕಿ. ಬ್ಯಾಂಕಿನ ತಾಣಕ್ಕೆ ಹೋಗುವಾಗ ವಿಳಾಸದ ಕೊನೆ "ಡಾಟ್ ಬ್ಯಾಂಕ್ ಡಾಟ್ ಇನ್" ಇದೆಯೇ ನೋಡಿ, 2025ರ ಅಕ್ಟೋಬರ್ ಕೊನೆಯೊಳಗೆ ಎಲ್ಲ ಬ್ಯಾಂಕುಗಳೂ ಅಲ್ಲಿಗೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ಡೊಂಬಿವಲಿ_ಪೂರ್ವ:

ಸ್ವೀಪ್ ತೆಗೆಯಲು ಬ್ರಾಂಚಿಗೇ ಬರಬೇಕಂತೆ, ಆ್ಯಪ್‌ನಲ್ಲಿ ಆಗುವುದಿಲ್ಲವಂತೆ. ಶನಿವಾರ ಹೋಗುತ್ತೇನೆ.

ಮಾಟುಂಗಾ_ಲೆಕ್ಕ:

ಎರಡನೇ, ನಾಲ್ಕನೇ ಶನಿವಾರ ರಜೆ, ನೋಡಿಕೊಂಡು ಹೋಗಿ. ಹೋದಾಗ ನಂಬರ್ ಬದಲಾವಣೆಯ ಅರ್ಜಿಯನ್ನೂ ಅಲ್ಲೇ ಕೊಡಿ, ಹೊಸ ನಂಬರಿಗೆ ಮೆಸೇಜ್ ಬರಲು ಶುರುವಾದ ಮೇಲೆ ಯುಪಿಐ ಆ್ಯಪ್‌ನಲ್ಲಿ ಹಳೆ ಖಾತೆ ಇನ್ನೂ ಕಾಣುತ್ತಿದೆಯೇ ಒಮ್ಮೆ ನೋಡಿ.